ಡಖಾವಿನ ಕಡತ

1942ರ ಅಕ್ಟೋಬರ್ 26ರಂದು ನ್ಯೂರೆಂಬರ್ಗ್ ನಗರದ ಡಾಯ್ಚರ್ ಹೋಫ್ ಹೋಟೆಲಿನಲ್ಲಿ ಜರ್ಮನ್ ವಾಯುಪಡೆಯ ವೈದ್ಯರ ಸಮ್ಮೇಳನ ನೆರೆಯಿತು. ಹಿಟ್ಲರನ ರಾಜ್ಯ ಆಗ ತನ್ನ ವಿಸ್ತಾರದ ತುತ್ತತುದಿಯಲ್ಲಿತ್ತು. ಪೂರ್ವದಲ್ಲಿ ಅವನ ಸೇನೆ ವೋಲ್ಗಾ ನದಿಯ ದಂಡೆಯನ್ನು ಮುಟ್ಟಿತ್ತು. ಪಶ್ಚಿಮದಲ್ಲಿ ಅವನ ವಿಮಾನಗಳು ಉತ್ತರ ಸಮುದ್ರದ ಕೊರೆಯುವ ನೀರಿಗೆ ಬೀಳುತ್ತಿದ್ದವು. ನೀರಿನಿಂದ ಜೀವಂತವಾಗಿ ಮೇಲೆತ್ತಿದ ವೈಮಾನಿಕರಲ್ಲಿ ಕೆಲವರು ದೋಣಿಯಲ್ಲೇ ಪ್ರಾಣ ಬಿಡುತ್ತಿದ್ದರು. ಹೆಪ್ಪುಗಟ್ಟಿದ ದೇಹವನ್ನು ಮೆಲ್ಲಮೆಲ್ಲನೆ ಬೆಚ್ಚಗೆ ಮಾಡಬೇಕೋ, ಒಮ್ಮೆಗೇ ಬಿಸಿನೀರಿಗೆ ಇಳಿಸಬೇಕೋ ಎಂಬುದು ಆ ಕಾಲದ ವೈದ್ಯರಲ್ಲಿ ಇತ್ಯರ್ಥವಾಗದ ವಿವಾದ. ಕಡಲಿನ ಆಪತ್ತು ಮತ್ತು ಚಳಿಯ ಆಪತ್ತು ಎಂಬ ವಿಷಯದ ಮೇಲೆ ಎರಡು ದಿನ ನಡೆದ ಆ ಸಭೆಗೆ 95 ಮಂದಿ ಬಂದಿದ್ದರು. ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರಿದ್ದರು, ಸೇನಾ ವೈದ್ಯರಿದ್ದರು, ಯೂರೋಪಿನಲ್ಲೆಲ್ಲ ಹೆಸರು ಮಾಡಿದ ಸಂಶೋಧಕರೂ ಇದ್ದರು.

ಕೀಲ್ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಎರ್ನ್‌ಸ್ಟ್ ಹೋಲ್ಟ್ಸ್‌ಲೋನರ್ ಎದ್ದು ತನ್ನ ವರದಿ ಓದಿದ. ಮನುಷ್ಯದೇಹದ ಉಷ್ಣತೆ ಎಷ್ಟಕ್ಕೆ ಇಳಿದಾಗ ಪ್ರಜ್ಞೆ ತಪ್ಪುತ್ತದೆ, ಎಷ್ಟಕ್ಕೆ ಇಳಿದಾಗ ಹೃದಯದ ಬಡಿತ ಹಳಿ ತಪ್ಪುತ್ತದೆ, ಎಷ್ಟು ಹೊತ್ತಿಗೆ ಅದು ನಿಂತೇ ಹೋಗುತ್ತದೆ ಎಂಬುದನ್ನೆಲ್ಲ ಅಂಕಿಗಳಲ್ಲಿ ವಿವರಿಸಿದ. ಬಳಿಕ ಎಸ್‌ಎಸ್ ಪಡೆಯ ವೈದ್ಯ ಸಿಗ್ಮುಂಡ್ ರಾಷರ್ ಎದ್ದು ತನ್ನ ಪಾಲನ್ನು ಸೇರಿಸಿದ. ಪ್ರಾಣಿಗಳ ಮೇಲಿನ ಪ್ರಯೋಗದಿಂದ ಇಂಥ ವಿವರ ಸಿಗದು. ಕಡಲಿನಿಂದ ಎತ್ತಿದವರಿಂದಲೂ ಸಿಗದು; ಸಾಯುವ ಗಳಿಗೆಯಲ್ಲಿ ಅವರ ದೇಹಕ್ಕೆ ಉಷ್ಣಮಾಪಕ ಸೇರಿಸಿಕೊಂಡು ಕುಳಿತವರು ಯಾರೂ ಇರಲಿಲ್ಲ. ಹಾಗಾದರೆ ಈ ಅಂಕಿಗಳು ಬಂದದ್ದೆಲ್ಲಿಂದ ಎಂಬುದು ಆ ಕೋಣೆಯಲ್ಲಿದ್ದವರಿಗೆ ಹೊಳೆಯದೆ ಇರಲು ಸಾಧ್ಯವಿರಲಿಲ್ಲ. ಒಬ್ಬನಾದರೂ ಎದ್ದು ಆಕ್ಷೇಪಿಸಿದ ದಾಖಲೆಯಿಲ್ಲ.

ಅಂಕಿಗಳು ಬಂದದ್ದು ಮ್ಯೂನಿಕ್ ನಗರದ ಸೆರಗಿನಲ್ಲಿದ್ದ ಡಖಾವಿನಿಂದ. ಹಿಟ್ಲರ್ ಗದ್ದುಗೆಯೇರಿದ ಎರಡೇ ತಿಂಗಳಿಗೆ, 1933ರ ಮಾರ್ಚ್‌ನಲ್ಲಿ ತೆರೆದ ಸೆರೆಶಿಬಿರ ಅದು. 1941ರ ಮೇ ತಿಂಗಳಲ್ಲಿ ರಾಷರ್ ನೇರವಾಗಿ ಎಸ್‌ಎಸ್ ಮುಖ್ಯಸ್ಥ ಹಿಮ್ಲರನಿಗೆ ಪತ್ರ ಬರೆದು, ಅತಿ ಎತ್ತರದ ಹಾರಾಟ ಕುರಿತ ಪ್ರಯೋಗಕ್ಕೆ ಕೈದಿಗಳನ್ನು ಕೊಡಬಹುದೇ ಎಂದು ಕೇಳಿದ್ದ. ಪ್ರಯೋಗದಲ್ಲಿ ಸಾವು ಸಂಭವಿಸಬಹುದು, ಆದ್ದರಿಂದ ಸ್ವಯಂಸೇವಕರು ಮುಂದೆ ಬರುತ್ತಿಲ್ಲ ಎಂದು ಕಾರಣವನ್ನೂ ಒಕ್ಕಣಿಸಿದ್ದ. ಒಪ್ಪಿಗೆ ಕೆಲವೇ ದಿನಗಳಲ್ಲಿ ಬಂತು. 1942ರ ವಸಂತದಲ್ಲಿ ಗಾಳಿಯ ಒತ್ತಡ ಇಳಿಸುವ ಕೋಣೆ ಡಖಾವಿಗೆ ಬಂತು. ಆಗಸ್ಟ್‌ನಲ್ಲಿ ಹಿಮನೀರಿನ ತೊಟ್ಟಿ ಸಿದ್ಧವಾಯಿತು.

ತೊಟ್ಟಿ ಎರಡು ಮೀಟರ್ ಉದ್ದ, ಅಷ್ಟೇ ಅಗಲ. ನೀರಿನ ಉಷ್ಣತೆ 2ರಿಂದ 12 ಡಿಗ್ರಿ ಸೆಲ್ಸಿಯಸ್. ಕೈದಿಗೆ ವೈಮಾನಿಕನ ಸಮವಸ್ತ್ರ ತೊಡಿಸಿ, ಮುಳುಗದಂತೆ ಜೀವರಕ್ಷಕ ಕವಚ ಕಟ್ಟಿ ಇಳಿಸುತ್ತಿದ್ದರು. ಕೆಲವರನ್ನು ಬೆತ್ತಲೆಯಾಗಿಯೇ ಇಳಿಸುತ್ತಿದ್ದರು. ವಾಲ್ಟರ್ ನೆಫ್ ಎಂಬ ಕೈದಿ ಅಲ್ಲಿ ರಾಷರನ ಸಹಾಯಕನಾಗಿದ್ದ. ಯುದ್ಧ ಮುಗಿದ ಮೇಲೆ ನ್ಯಾಯಾಲಯದಲ್ಲಿ ಅವನು ನುಡಿದ ಸಾಕ್ಷ್ಯದಲ್ಲಿ ಒಂದು ದಿನದ ಸಂಗತಿ ಬರುತ್ತದೆ. ಇಬ್ಬರು ರಷ್ಯನ್ ಸೇನಾಧಿಕಾರಿಗಳನ್ನು ಬೆತ್ತಲೆಯಾಗಿ ತೊಟ್ಟಿಗೆ ಇಳಿಸಲಾಯಿತು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಪ್ರಜ್ಞೆ ತಪ್ಪುತ್ತಿತ್ತು. ಇವರಿಬ್ಬರೂ ಎರಡು ಗಂಟೆ ಕಳೆದರೂ ಮಾತನಾಡುತ್ತಲೇ ಇದ್ದರು. ಮೂರನೆಯ ಗಂಟೆಯ ಹೊತ್ತಿಗೆ ಒಬ್ಬ ಇನ್ನೊಬ್ಬನಿಗೆ, ನಮ್ಮನ್ನು ಗುಂಡಿಕ್ಕಿ ಕೊಂದುಬಿಡಲು ಆ ಅಧಿಕಾರಿಗೆ ಹೇಳು ಎಂದ. ಆ ಮನುಷ್ಯನಿಂದ ನಾನು ಯಾವ ದಯೆಯನ್ನೂ ನಿರೀಕ್ಷಿಸುವುದಿಲ್ಲ ಎಂದು ಇನ್ನೊಬ್ಬ ಉತ್ತರಿಸಿದ. ಇಬ್ಬರೂ ನೀರಿನಲ್ಲೇ ಕೈಕುಲುಕಿ ಬೀಳ್ಕೊಂಡರು. ಅಲ್ಲಿದ್ದ ಪೋಲೆಂಡಿನ ಹುಡುಗನೊಬ್ಬ ಆ ಮಾತನ್ನು ರಾಷರನಿಗೆ ಜರ್ಮನ್‌ನಲ್ಲಿ ತಿಳಿಸಿದ. ಅವರಿಗೆ ಅರಿವಳಿಕೆ ಮದ್ದನ್ನಾದರೂ ಕೊಡೋಣವೆಂದು ಮುಂದಾದವರತ್ತ ರಾಷರ್ ಪಿಸ್ತೂಲು ತೋರಿಸಿದ. ಕನಿಷ್ಠ ಐದು ಗಂಟೆಯ ಬಳಿಕ ಇಬ್ಬರೂ ಸತ್ತರು.

ಅವರ ಹೆಸರು ವರದಿಯಲ್ಲಿಲ್ಲ. ವರದಿಗೆ ಬೇಕಾದದ್ದು ಉಷ್ಣತೆ ಮತ್ತು ಸಮಯ, ಎರಡೇ.

1943ರ ಮೇ ತಿಂಗಳವರೆಗೆ ಸುಮಾರು 300 ಕೈದಿಗಳು ಆ ತೊಟ್ಟಿ ಕಂಡರು, ಕೆಲವರು ಒಂದಕ್ಕಿಂತ ಹೆಚ್ಚು ಬಾರಿ. ಸತ್ತವರು 80ರಿಂದ 90 ಎಂದು ನೆಫ್ ಹೇಳಿದ. ಪುನಶ್ಚೇತನದ ವಿಧಾನಗಳಲ್ಲಿ ಬಿಸಿನೀರೇ ಎಲ್ಲಕ್ಕಿಂತ ಮೇಲು ಎಂಬುದು ಪ್ರಯೋಗದ ತೀರ್ಮಾನ. ಇದು ಹೊಸ ಮಾತೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 1880ರ ಸುಮಾರಿಗೇ ರಷ್ಯನ್ ಸಂಶೋಧಕನೊಬ್ಬ ನಾಯಿಗಳ ಮೇಲೆ ಇದನ್ನು ಕಂಡಿದ್ದ. ಮ್ಯೂನಿಕ್‌ನ ಜಾರ್ಜ್ ವೆಲ್ಟ್ಸ್ ಪ್ರಾಣಿಗಳಲ್ಲಿ ಮತ್ತೆ ಕಂಡಿದ್ದ. ತೊಟ್ಟಿಗೆ ಮನುಷ್ಯರನ್ನು ಇಳಿಸುವ ಮುನ್ನವೇ ಉತ್ತರದ ಬಹುಪಾಲು ಕೈಯಲ್ಲಿತ್ತು.

ಯುದ್ಧ ಮುಗಿಯಿತು. 1945ರ ಬೇಸಿಗೆಯಲ್ಲಿ ಜರ್ಮನಿಯ ವೈದ್ಯವಿಜ್ಞಾನ ಏನೇನು ಸಾಧಿಸಿದೆ ಎಂದು ನೋಡಿ ಬರಲು ಅಮೆರಿಕ ಕಳಿಸಿದವರಲ್ಲಿ ಮೇಜರ್ ಲಿಯೋ ಅಲೆಕ್ಸಾಂಡರ್ ಒಬ್ಬರು. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ, ಬಾಸ್ಟನ್ನಿನಲ್ಲಿ ಮನೋವೈದ್ಯರು. ವೆಲ್ಟ್ಸ್‌ನನ್ನು ಕಂಡಾಗ ಅವನು ಪ್ರಾಣಿಪ್ರಯೋಗಗಳ ವಿವರವನ್ನಷ್ಟೇ ಮುಂದಿಟ್ಟು ಉಳಿದದ್ದನ್ನು ನುಂಗಿಕೊಂಡ. ಅಲೆಕ್ಸಾಂಡರರಿಗೆ ಅನುಮಾನ ಬಂತು. ಆಸ್ಟ್ರಿಯಾದ ಹಾಲೈನ್ ಊರಿನ ಗುಹೆಯೊಂದರಲ್ಲಿ ಅಡಗಿಸಿಟ್ಟಿದ್ದ ಹಿಮ್ಲರನ ಕಾಗದಪತ್ರಗಳು ಅಷ್ಟರಲ್ಲಿ ಅಮೆರಿಕದ ಸೇನೆಗೆ ಸಿಕ್ಕಿದ್ದವು. ಆ ರಾಶಿಯೊಳಗೆ ರಾಷರನ ಪತ್ರಗಳೂ ಡಖಾವಿನ ವರದಿಯೂ ಇದ್ದವು. ಅವುಗಳ ಮೇಲೆ ಅಲೆಕ್ಸಾಂಡರ್ ಜುಲೈನಲ್ಲಿ ಒಂದು ದೀರ್ಘ ವರದಿ ಬರೆದರು. ಕೃತ್ಯದ ಕ್ರೌರ್ಯವನ್ನು ಮುಚ್ಚಿಡದೆ ದಾಖಲಿಸಿದರು. ಆದರೆ ಬಿಸಿನೀರಿನ ಚಿಕಿತ್ಸೆಯ ತೀರ್ಮಾನ ಸರಿಯೆಂದೂ, ಉಪಯೋಗಕ್ಕೆ ಬರುವಂಥದ್ದೆಂದೂ ಒಪ್ಪಿದರು. ಡಖಾವಿನ ಅಂಕಿಗಳು ವೈದ್ಯಲೋಕಕ್ಕೆ ಕಾಲಿಟ್ಟದ್ದು ಹೀಗೆ, ಅವುಗಳನ್ನು ಅಸಹ್ಯಪಟ್ಟ ಪ್ರಾಮಾಣಿಕರೊಬ್ಬರ ಕೈ ಹಿಡಿದು. ಬಳಿಕ ಬಂದ ಸಾಕ್ಷ್ಯಗಳನ್ನೆಲ್ಲ ಕಂಡ ಮೇಲೆ ಅವರೇ ಈ ಅಂಕಿಗಳನ್ನು ನಂಬುವಂತಿಲ್ಲ ಎಂದರು. ಆ ಹೊತ್ತಿಗೆ ಮೊದಲ ಮಾತು ದೂರ ಹೋಗಿಬಿಟ್ಟಿತ್ತು.

ರಾಷರ್ ವಿಚಾರಣೆಗೆ ಸಿಗಲಿಲ್ಲ. ವಯಸ್ಸು ಮೀರಿದ ತನ್ನ ಹೆಂಡತಿ ಮೂರು ಮಕ್ಕಳನ್ನು ಹೆತ್ತಳೆಂದು ಅವನು ಹಿಮ್ಲರನನ್ನೇ ನಂಬಿಸಿದ್ದ. ಅವು ಬೇರೆಯವರಿಂದ ತಂದ ಕೂಸುಗಳೆಂದು 1944ರಲ್ಲಿ ಬಯಲಾಗಿ ಇಬ್ಬರೂ ಸೆರೆಯಾದರು. 1945ರ ಏಪ್ರಿಲ್ 26ರಂದು, ಅಮೆರಿಕದ ಸೇನೆ ಬರಲು ಮೂರು ದಿನವಿರುವಾಗ, ಡಖಾವಿನಲ್ಲೇ ಅವನನ್ನು ಗುಂಡಿಕ್ಕಿ ಕೊಂದರು. ಹೋಲ್ಟ್ಸ್‌ಲೋನರ್ ಜೂನ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಇಂಥ ಪ್ರಯೋಗಗಳಿಗಾಗಿ 23 ಆರೋಪಿಗಳ ವಿಚಾರಣೆ 1946ರ ಡಿಸೆಂಬರ್ 9ರಂದು ಅದೇ ನ್ಯೂರೆಂಬರ್ಗ್‌ನಲ್ಲಿ ಆರಂಭವಾಯಿತು. ಆ ತಿಂಗಳು ಪೋಲೆಂಡಿನ ನಾಲ್ವರು ಹೆಂಗಸರು ಸಾಕ್ಷಿಕಟ್ಟೆ ಏರಿದರು. ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಇವರನ್ನೂ ಸೇರಿಸಿ 74 ಪೋಲಿಷ್ ಹೆಂಗಸರ ಕಾಲುಗಳನ್ನು ಸೀಳಲಾಗಿತ್ತು; ಅವರಲ್ಲಿ ಹಲವರ ಗಾಯಕ್ಕೆ ರೋಗಾಣು, ಮರದ ಚೂರು, ಗಾಜಿನ ಪುಡಿ ತುಂಬಿ ಹೊಲಿಯಲಾಗಿತ್ತು. ಸಲ್ಫಾ ಔಷಧ ಕೆಲಸ ಮಾಡುತ್ತದೆಯೇ ಎಂಬುದು ಪರೀಕ್ಷೆ. ಅದನ್ನು ನಡೆಸಿದ ಎಸ್‌ಎಸ್ ವೈದ್ಯ ಕಾರ್ಲ್ ಗೆಬ್‌ಹಾರ್ಟ್‌ಗೆ ಬೇಕಿದ್ದ ಉತ್ತರ ಮೊದಲೇ ಗೊತ್ತಿತ್ತು. 1942ರಲ್ಲಿ ನಾಜಿ ಮುಖಂಡ ಹೈಡ್ರಿಶ್ ಗಾಯ ನಂಜಾಗಿ ಸತ್ತಾಗ, ಸಲ್ಫಾ ಸರಿಯಾಗಿ ಕೊಡಲಿಲ್ಲವೆಂಬ ಅಪವಾದ ಚಿಕಿತ್ಸೆಗೆ ಹೋಗಿದ್ದ ಗೆಬ್‌ಹಾರ್ಟನ ತಲೆಯ ಮೇಲೆ ಬಂದಿತ್ತು. ಆ ಔಷಧ ಕೊಟ್ಟಿದ್ದರೂ ಪ್ರಯೋಜನವಿರಲಿಲ್ಲ ಎಂದು ತೋರಿಸುವುದು ಅವನಿಗೆ ತನ್ನ ಸ್ವಂತ ಉಳಿವಿನ ಪ್ರಶ್ನೆಯಾಗಿತ್ತು. 1943ರ ಮೇ ತಿಂಗಳಲ್ಲಿ ಬರ್ಲಿನ್ನಿನ ಸೇನಾ ವೈದ್ಯರ ಸಭೆಯಲ್ಲಿ ಈ ಫಲಿತಾಂಶಗಳನ್ನೂ ಓದಲಾಯಿತು. ಅಲ್ಲೂ ಯಾರೂ ಆಕ್ಷೇಪಿಸಲಿಲ್ಲ.

ಆ ಹೆಂಗಸರು ಮಾಡಿದ ಒಂದು ಕೆಲಸ ಇಡೀ ಕಥನದಲ್ಲಿ ನನ್ನನ್ನು ಬಿಡದೆ ಕಾಡುವಂಥದ್ದು. ಶಿಬಿರದಿಂದ ಮನೆಗೆ ಬರೆಯಲು ಅನುಮತಿಯಿದ್ದ ಸಪ್ಪೆ ಪತ್ರಗಳ ಸಾಲುಗಳ ನಡುವೆ ಅವರು ತಮ್ಮ ಮೂತ್ರವನ್ನೇ ಶಾಯಿ ಮಾಡಿಕೊಂಡು ಬರೆದರು. ಲುಬ್ಲಿನ್ ಊರಿನ ಮನೆಯವರು ಇಸ್ತ್ರಿಪೆಟ್ಟಿಗೆಯ ಬಿಸಿಗೆ ಕಾಗದ ಹಿಡಿದಾಗ ಅಕ್ಷರ ಮೂಡಿತು: ಕೊಯ್ಯಿಸಿಕೊಂಡವರ ಹೆಸರು, ಯಾವ ಬಗೆಯ ಶಸ್ತ್ರಕ್ರಿಯೆ, ಸತ್ತವರು ಯಾರು, ಗುಂಡಿಗೆ ಬಲಿಯಾದವರು ಯಾರು. 1944ರಲ್ಲಿ ಹೇಗೋ ಒಂದು ಕ್ಯಾಮೆರಾ ಸಂಪಾದಿಸಿ ತಮ್ಮ ಕಾಲುಗಳ ಚಿತ್ರ ತೆಗೆದರು. ತೊಳೆಯದ ಆ ಫಿಲ್ಮ್ ಸುರುಳಿಯನ್ನು ಫ್ರೆಂಚ್ ಕೈದಿ ಜರ್ಮೇನ್ ಟಿಲಿಯೋನ್ ಹೊರಗೆ ಸಾಗಿಸಿದರು. ಒಂದೇ ಪ್ರಯೋಗಕ್ಕೆ ಎರಡು ದಾಖಲೆಗಳು ಹುಟ್ಟಿದ್ದವು. ಗೆಬ್‌ಹಾರ್ಟನ ದಾಖಲೆಯಲ್ಲಿ ಹೆಸರುಗಳಿರಲಿಲ್ಲ. ಹೆಂಗಸರದ್ದು ಹೆಸರುಗಳಿಂದಲೇ ಆರಂಭವಾಗುತ್ತಿತ್ತು. ನ್ಯಾಯಾಲಯದಲ್ಲಿ ಅಲೆಕ್ಸಾಂಡರರು ಯಾದ್ವಿಗಾ ಜಿದೊ ಅವರ ಬಲಗಾಲಿನ ಕಲೆಗಳನ್ನು ತೋರಿಸಿ ವಿವರಿಸಿದಾಗ, ಗೆದ್ದದ್ದು ಎರಡನೆಯ ದಾಖಲೆ.

1947ರ ಆಗಸ್ಟ್‌ನಲ್ಲಿ ತೀರ್ಪು ಬಂತು. 16 ಮಂದಿ ಅಪರಾಧಿಗಳು. ಗೆಬ್‌ಹಾರ್ಟ್ ಸೇರಿ ಏಳು ಮಂದಿಯನ್ನು 1948ರ ಜೂನ್ 2ರಂದು ಲಾಂಡ್ಸ್‌ಬರ್ಗ್ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಪ್ರಯೋಗಕ್ಕೆ ಒಳಗಾಗುವವನ ಸ್ವಇಚ್ಛೆಯ ಒಪ್ಪಿಗೆ ಇಲ್ಲದೆ ಯಾವ ಪ್ರಯೋಗವೂ ಸಲ್ಲದು ಎಂಬ ವಿಧಿಯೇ ಮೊದಲಾಗಿ ಹತ್ತು ವಿಧಿಗಳು ಆ ತೀರ್ಪಿನಲ್ಲಿ ಸೇರಿದವು. ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೂ ಅದರ ಹಿಂದೆ ಆ ವಿಧಿಗಳ ನೆರಳಿದೆ. ಆದರೆ ಒಪ್ಪಿಗೆಯಿಲ್ಲದೆ ಈಗಾಗಲೇ ಕಿತ್ತುಕೊಂಡ ಅಂಕಿಗಳನ್ನು ಏನು ಮಾಡಬೇಕೆಂಬುದನ್ನು ಆ ಹತ್ತು ವಿಧಿಗಳಲ್ಲಿ ಒಂದೂ ಹೇಳಲಿಲ್ಲ. ಆ ಮೌನದ ಸಂದಿನಲ್ಲಿ ಮುಂದಿನ ನಲವತ್ತು ವರ್ಷ ಬಹಳಷ್ಟು ಸಾಗಿಹೋಯಿತು.

ಗೆದ್ದವರು ತಮಗೆ ಬೇಕಾದದ್ದನ್ನು ಹೊತ್ತೊಯ್ದರು. ವಿಚಾರಣೆಯ ಹಿಂದುಮುಂದಿನ ವರ್ಷಗಳಲ್ಲೇ ಹೈಡಲ್‌ಬರ್ಗ್‌ನಲ್ಲಿ ಅಮೆರಿಕದ ವಾಯುಪಡೆ ಜರ್ಮನ್ ವೈಮಾನಿಕ ವೈದ್ಯರನ್ನು ಕೂಡಿಸಿಕೊಂಡು ಅವರ ಯುದ್ಧಕಾಲದ ಅರಿವನ್ನು ಬರೆಸಿಕೊಂಡಿತು. 1950ರಲ್ಲಿ ಅದು ಎರಡು ಸಂಪುಟಗಳಾಗಿ ಅಚ್ಚಾಯಿತು. 1942ರ ಆ ಹೋಟೆಲಿನ ಸಭೆಯಲ್ಲಿ ಕುಳಿತಿದ್ದ ಹ್ಯೂಬರ್ಟಸ್ ಸ್ಟ್ರುಗ್‌ಹೋಲ್ಟ್ ಅಮೆರಿಕಕ್ಕೆ ಹೋಗಿ ಬಾಹ್ಯಾಕಾಶ ವೈದ್ಯಕೀಯದ ಪಿತಾಮಹನೆಂದು ಸನ್ಮಾನ ಪಡೆದ.

ಪೂರ್ವದಲ್ಲಿ ನಡೆದದ್ದು ಇದಕ್ಕಿಂತ ಘೋರ. ಮಂಚೂರಿಯಾದ ಹಾರ್ಬಿನ್ ನಗರದ ಹತ್ತಿರ ಪಿಂಗ್‌ಫಾಂಗ್‌ನಲ್ಲಿ ಜಪಾನಿನ ಸೇನಾವೈದ್ಯ ಇಶಿಯಿ ಶಿರೊ ಕಟ್ಟಿದ 731ನೆಯ ಘಟಕದಲ್ಲಿ ಚೀನೀಯರಿಗೂ ರಷ್ಯನ್ನರಿಗೂ ಪ್ಲೇಗು, ಆಂಥ್ರಾಕ್ಸ್ ತಗುಲಿಸಿ ಜೀವಂತವಾಗಿ ಕೊಯ್ದರು. ಯೋಶಿಮುರಾ ಹಿಸಾತೊ ಎಂಬ ವೈದ್ಯ ಅಲ್ಲಿನ ಕೊರೆಯುವ ಚಳಿಯಲ್ಲಿ ಕೈದಿಗಳ ಕೈಗಳನ್ನು ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ, ಯಾವ ಬಿಸಿಯ ನೀರು ಮೇಲೆಂದು ನೋಡಿದ. ಖಂಡದ ಎರಡು ಕೊನೆಗಳಲ್ಲಿ, ಒಬ್ಬರಿಗೊಬ್ಬರು ಅರಿಯದವರು, ಚಳಿಯೆಂಬ ಒಂದೇ ಪ್ರಶ್ನೆಯನ್ನು ಒಂದೇ ಬಗೆಯಲ್ಲಿ ಕೇಳಿದ್ದರು. ಯುದ್ಧಾನಂತರ ಅಮೆರಿಕದ ಜೈವಿಕ ಅಸ್ತ್ರ ಸಂಶೋಧನಾ ಕೇಂದ್ರವಾದ ಡೆಟ್ರಿಕ್ ಶಿಬಿರದ ವಿಜ್ಞಾನಿಗಳು ಒಬ್ಬರ ಹಿಂದೊಬ್ಬರು ಟೋಕಿಯೊಗೆ ಬಂದರು. ಇಶಿಯಿ ಮತ್ತು ಅವನ ಸಂಗಡಿಗರು ಮಾಹಿತಿ ಒಪ್ಪಿಸಿದರು. ಅವರ ಮೇಲೆ ಅಮೆರಿಕ ಮೊಕದ್ದಮೆ ಹೂಡಲಿಲ್ಲ. 1947ರ ಡಿಸೆಂಬರ್‌ನಲ್ಲಿ ವರದಿ ಬರೆದ, ಆ ವಿಜ್ಞಾನಿಗಳಲ್ಲೊಬ್ಬನಾದ ಎಡ್ವಿನ್ ಹಿಲ್, ಮನುಷ್ಯರ ಮೇಲಿನ ಪ್ರಯೋಗಕ್ಕೆ ನಮ್ಮಲ್ಲಿ ಮನಸ್ಸಾಕ್ಷಿಯ ಅಡ್ಡಿಯಿರುವುದರಿಂದ ಇಂಥ ಮಾಹಿತಿ ನಮ್ಮ ಪ್ರಯೋಗಶಾಲೆಗಳಲ್ಲಿ ಸಿಗುವಂತಿರಲಿಲ್ಲ, ಒಟ್ಟು ಖರ್ಚು ಎರಡೂವರೆ ಲಕ್ಷ ಯೆನ್, ಬಲು ಅಗ್ಗ ಎಂದು ಲೆಕ್ಕ ಒಪ್ಪಿಸಿದ. ಇಶಿಯಿ 1959ರಲ್ಲಿ ಟೋಕಿಯೊದಲ್ಲಿ ತೀರಿಕೊಂಡ. ಯೋಶಿಮುರಾ ಕ್ಯೋಟೊದ ವೈದ್ಯಕೀಯ ವಿಶ್ವವಿದ್ಯಾಲಯವೊಂದರ ಅಧ್ಯಕ್ಷನಾದ.

ದತ್ತಾಂಶಕ್ಕೆ ಪಾಪಪುಣ್ಯವಿಲ್ಲ, ಸಂಪಾದಿಸಿದವನಿಗಷ್ಟೇ ಅದು ಎಂದು ವಾದಿಸುವವರಿಗೆ ಹಿಲ್‌ನ ಆ ವಾಕ್ಯವನ್ನು ತೋರಿಸಬೇಕು. ಕೊಲೆಗಾರನಿಂದ ಕೊಂಡವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಸ್ಪಷ್ಟವಾಗಿ ಗೊತ್ತಿತ್ತು, ಮತ್ತು ಆ ವ್ಯಾಪಾರದ ಬೆಲೆಯಾಗಿ ಸತ್ತವರಿಗೆ ಸಲ್ಲಬೇಕಿದ್ದ ನ್ಯಾಯ ಹೋಯಿತು.

ಇತ್ತ ಡಖಾವಿನ ಅಂಕಿಗಳು ಸದ್ದಿಲ್ಲದೆ ವೈದ್ಯಕೀಯ ಪತ್ರಿಕೆಗಳ ಅಡಿಟಿಪ್ಪಣಿ ಸೇರಿದವು. ನಾಜಿ ಪ್ರಯೋಗಗಳನ್ನು ಆಧರಿಸಿದ ಕನಿಷ್ಠ 45 ಸಂಶೋಧನಾ ಪ್ರಬಂಧಗಳು ಯುದ್ಧಾನಂತರ ಪ್ರಕಟವಾಗಿವೆಯೆಂದು 1984ರಲ್ಲಿ ಕ್ರಿಸ್ಟೀನ್ ಮೋ ಎಂಬ ಪತ್ರಕರ್ತೆ ಎಣಿಸಿ ತೋರಿಸಿದರು; ಹೆಚ್ಚಿನವು ಚಳಿಯ ಕುರಿತವು. ಕೆನಡಾದ ಸಂಶೋಧಕ ಜಾನ್ ಹೇವರ್ಡ್ ತಣ್ಣೀರಿನಲ್ಲಿ ಬದುಕುಳಿಯುವ ಕಾಲದ ಲೆಕ್ಕಕ್ಕೆ ಅವನ್ನು ಬಳಸಿದ್ದರು. ಬಳಸಲು ತನಗೇನೂ ಇಷ್ಟವಿಲ್ಲ, ಆದರೆ ಬೇರೆ ಅಂಕಿಗಳಿಲ್ಲ, ನೀತಿಯುಳ್ಳ ಲೋಕದಲ್ಲಿ ಮುಂದೆಯೂ ಇರಲಾರವು ಎಂದರು. ಈ ಮಾತಿನ ತೂಕವನ್ನು ನಾನು ಕಡೆಗಣಿಸಲಾರೆ. ಮುಳುಗುತ್ತಿರುವ ಮೀನುಗಾರನಿಗೆ ಅಂಕಿ ಎಲ್ಲಿಂದ ಬಂತೆಂಬ ಚಿಂತೆಯಿಲ್ಲ.

1988ರಲ್ಲಿ ಎರಡು ಘಟನೆ ಒಟ್ಟಿಗೆ ನಡೆದವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫಾಸ್ಜೀನ್ ಎಂಬ ವಿಷಾನಿಲದ ಅಪಾಯದ ಮಿತಿ ಗೊತ್ತುಪಡಿಸಲು ಹೊರಟಾಗ, ನಾಜಿಗಳು ಕೈದಿಗಳಿಗೆ ಅದೇ ಅನಿಲ ಉಸಿರಾಡಿಸಿದ ಪ್ರಯೋಗದ ಅಂಕಿಗಳು ಕರಡು ವರದಿಯಲ್ಲಿ ಕಂಡವು. ಪ್ಲಾಸ್ಟಿಕ್, ಕೀಟನಾಶಕ ಕಾರ್ಖಾನೆಗಳಲ್ಲಿ ಬಳಸುವ ಅನಿಲ ಅದು; ಭೋಪಾಲದ ಕಾರ್ಖಾನೆಯಲ್ಲಿ ಮಿಥೈಲ್ ಐಸೋಸಯನೇಟ್ ತಯಾರಿಸಲು ಬೇಕಾಗುತ್ತಿದ್ದುದೂ ಅದೇ. ಕಾರ್ಖಾನೆಯ ಸುತ್ತ ಬದುಕುವವರ ರಕ್ಷಣೆಯ ಪ್ರಶ್ನೆಯಾದ್ದರಿಂದ ಬಳಕೆಯ ಪರ ವಾದಿಸುವವರಿಗೂ ಬಲವಿತ್ತು. ಆದರೆ ಸಂಸ್ಥೆಯದೇ 22 ವಿಜ್ಞಾನಿಗಳು ವಿರೋಧದ ಪತ್ರಕ್ಕೆ ಸಹಿ ಹಾಕಿದರು. ಮುಖ್ಯಸ್ಥ ಲೀ ಥಾಮಸ್ ಆ ಅಂಕಿಗಳನ್ನು ತೆಗೆಸಿದರು. ಅದೇ ವರ್ಷ ಮಿನೆಸೋಟದ ಸಂಶೋಧಕ ರಾಬರ್ಟ್ ಪೋಜೋಸ್ ಡಖಾವಿನ ವರದಿಯನ್ನು ಮತ್ತೆ ವಿಶ್ಲೇಷಿಸಿ ಪ್ರಕಟಿಸುವುದಾಗಿ ಹೇಳಿದಾಗ ದೊಡ್ಡ ವಾಗ್ವಾದವೇ ಎದ್ದಿತು.

ಆ ವಾಗ್ವಾದಕ್ಕೆ ಇದಿರಾಗಿ ಒಬ್ಬ ಶಸ್ತ್ರವೈದ್ಯರು ಯಾರೂ ಮಾಡದ ಕೆಲಸ ಮಾಡಿದರು. ಬಾಸ್ಟನ್ನಿನ ರಾಬರ್ಟ್ ಬರ್ಗರ್ ಬಾಲ್ಯದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬದುಕಿದವರು. ಅವರು ಡಖಾವಿನ ವರದಿಯನ್ನು ಸಾಮಾನ್ಯ ಪ್ರಬಂಧವೊಂದನ್ನು ಪರೀಕ್ಷಿಸುವಂತೆ ಸಾಲುಸಾಲಾಗಿ ಓದಿದರು. ಪ್ರಯೋಗಕ್ಕೆ ಒಳಗಾದವರ ವಯಸ್ಸು, ತೂಕ, ಆರೋಗ್ಯ ಯಾವುದೂ ಇಲ್ಲ. ಹಸಿವಿನಿಂದ ಎಲುಬು ಬಿಟ್ಟುಕೊಂಡ ಕೈದಿ ಹೊಟ್ಟೆತುಂಬ ಉಂಡ ವೈಮಾನಿಕನಿಗೆ ಸಾಟಿಯಾಗುವುದು ಹೇಗೆ? ಒಂದು ವರದಿಯಲ್ಲಿ ಎರಡು ಗಂಟೆಯೊಳಗೆ ಸಾವು, ಇನ್ನೊಂದರಲ್ಲಿ ಐದಾರು ಗಂಟೆ. ಸತ್ತವರ ಸಂಖ್ಯೆಯನ್ನೂ ಪೂರ್ತಿ ಹೇಳಿಲ್ಲ. 1990ರಲ್ಲಿ ಪ್ರಕಟವಾದ ಅವರ ಪ್ರಬಂಧದ ತೀರ್ಮಾನ ಸ್ಪಷ್ಟವಾಗಿತ್ತು: ಇದು ವಿಜ್ಞಾನವೇ ಅಲ್ಲ. ಹೆತ್ತ ಮಕ್ಕಳ ವಿಷಯದಲ್ಲೇ ಸುಳ್ಳು ಹೇಳಿದ ಮನುಷ್ಯ ಉಷ್ಣಮಾಪಕದ ವಿಷಯದಲ್ಲಿ ನಿಜ ಹೇಳಿರಬೇಕೆಂದು ನಲವತ್ತೈದು ವರ್ಷ ನಂಬಿಕೊಂಡು ಬಂದಿದ್ದರು.

ಬರ್ಗರರ ವಾದದಿಂದ ಹಲವರು ನೆಮ್ಮದಿಯ ಉಸಿರುಬಿಟ್ಟರು. ಅಂಕಿಗಳು ಕೆಟ್ಟವಾದ್ದರಿಂದ ಬಳಸುವ ಪ್ರಶ್ನೆಯೇ ಇಲ್ಲ ಎಂದಾಯಿತು. ನನಗೆ ಅಷ್ಟು ಸಮಾಧಾನವಿಲ್ಲ. ಅಂಕಿಗಳು ಚೊಕ್ಕವಾಗಿದ್ದರೆ? ಆಗ ಕೇಳಬೇಕಾದ ಪ್ರಶ್ನೆ, ಅವು ಯಾರವು ಎಂಬುದು. ರಾಷರ್ ಬರೆದ ಮಾತ್ರಕ್ಕೆ ಅವನವಲ್ಲ, ಹಿಮ್ಲರನ ಗುಹೆಯಲ್ಲಿ ಸಿಕ್ಕ ಮಾತ್ರಕ್ಕೆ ಅಮೆರಿಕದ ಸೇನೆಯವೂ ಅಲ್ಲ. ತೊಟ್ಟಿಗೆ ಇಳಿದವರವು. ಇಳಿದವರಲ್ಲಿ ಉಳಿದವರನ್ನು, ಅವರಂತೆಯೇ ಬೇರೆ ಶಿಬಿರಗಳಲ್ಲಿ ಉಳಿದವರನ್ನು ಕೇಳಬಹುದಿತ್ತು. 45 ಪ್ರಬಂಧಗಳು ಹೊರಬಂದ ಕಾಲದಲ್ಲಿ ಅವರು ಜಗತ್ತಿನ ಊರೂರುಗಳಲ್ಲಿ ಬದುಕಿಯೇ ಇದ್ದರು.

ಎವಾ ಮೋಜೆಸ್ ಕೋರ್ ಅವರನ್ನೇ ನೋಡಿ. 1944ರಲ್ಲಿ ಹತ್ತು ವರ್ಷದ ಈ ಹುಡುಗಿಯೂ ಅವಳ ಅವಳಿ ತಂಗಿ ಮಿರಿಯಮ್ ಕೂಡ ಆಶ್ವಿಟ್ಸ್‌ನಲ್ಲಿ ಶಿಬಿರದ ವೈದ್ಯ ಮೆಂಗೆಲೆಯ ಕೈಗೆ ಸಿಕ್ಕರು. ತೋಳಿಗೆ ಏನನ್ನೋ ಚುಚ್ಚಿದರು. ಎವಾಳಿಗೆ ವಿಪರೀತ ಜ್ವರ ಬಂತು, ಬದುಕಿದಳು. ಮಿರಿಯಮ್ ಬೆಳೆದು ಇಸ್ರೇಲಿನಲ್ಲಿ ತಾಯಿಯಾದಾಗ, ಅವರ ಮೂತ್ರಪಿಂಡಗಳು ಹತ್ತು ವರ್ಷದ ಮಗುವಿನಷ್ಟೇ ಉಳಿದಿವೆಯೆಂದು ವೈದ್ಯರು ಕಂಡುಕೊಂಡರು. ಏನು ಚುಚ್ಚಿದ್ದರು ಎಂದು ವೈದ್ಯರು ಕೇಳಿದರು. ಅದಕ್ಕೆ ಉತ್ತರ ಇದ್ದರೆ ಮೆಂಗೆಲೆಯ ಕಡತಗಳಲ್ಲಿರಬೇಕಿತ್ತು. ಅವನು ಬರ್ಲಿನ್ನಿನ ದಾಲೆಮ್‌ನಲ್ಲಿದ್ದ ತನ್ನ ಗುರು ಒಟ್ಮಾರ್ ಫಾನ್ ಫೆರ್ಷೂವರ್‌ಗೆ ಮಾದರಿಗಳನ್ನೂ ಮಾಹಿತಿಯನ್ನೂ ಕಳಿಸುತ್ತಿದ್ದ. ಫೆರ್ಷೂವರ್ 1951ರಲ್ಲಿ ಮ್ಯೂನ್‌ಸ್ಟರ್‌ನಲ್ಲಿ ಮತ್ತೆ ಪ್ರಾಧ್ಯಾಪಕನಾದ. 1984ರಲ್ಲಿ ಅವಳಿಗಳ ಸಂಘ ಕಟ್ಟಿ ಎವಾ ಆ ಕಡತಗಳಿಗಾಗಿ ಹುಡುಕಿದರು. ಸಿಗಲಿಲ್ಲ. 1987ರಲ್ಲಿ ತಮ್ಮದೊಂದು ಮೂತ್ರಪಿಂಡವನ್ನು ತಂಗಿಗೆ ಕೊಟ್ಟರು. 1993ರಲ್ಲಿ ಮಿರಿಯಮ್ ತೀರಿಕೊಂಡರು. ಪ್ರಯೋಗದ ಮಾಹಿತಿಯನ್ನು ಚಿಕಿತ್ಸೆಗೆ ಬಳಸಬಹುದೇ ಎಂದು ಸಭೆಗಳಲ್ಲಿ ವಿದ್ವಾಂಸರು ಚರ್ಚಿಸುತ್ತಿದ್ದ ವರ್ಷಗಳೇ ಇವು. ಅದನ್ನು ಬಳಸುವ ಹಕ್ಕು ಎಲ್ಲರಿಗಿಂತ ಮೊದಲು ಇದ್ದದ್ದು ಮಿರಿಯಮ್‌ಗೆ. ಅವರಿಗೆ ಒಂದು ಹಾಳೆಯೂ ತಲುಪಲಿಲ್ಲ.

ಕೇಳುವ ಪದ್ಧತಿ ನಿಧಾನವಾಗಿ ಬಂತು, ಬೇರೊಂದು ದಾರಿಯಿಂದ. ವಿಯೆನ್ನಾದ ಎಡ್ವರ್ಡ್ ಪೆರ್ನ್‌ಕೋಫ್ ಕಟ್ಟಾ ನಾಜಿ. ಅವನು ರೂಪಿಸಿದ ಅಂಗರಚನಾ ಚಿತ್ರಸಂಪುಟ ನರಗಳ ವಿವರದಲ್ಲಿ ಇಂದಿಗೂ ಸಾಟಿಯಿಲ್ಲದ್ದು. ಕೆಲವು ಚಿತ್ರಕಾರರು ತಮ್ಮ ಸಹಿಯಲ್ಲೇ ಸ್ವಸ್ತಿಕ ಬರೆದಿದ್ದರು. ನ್ಯೂಯಾರ್ಕಿನ ದಂತ ಶಸ್ತ್ರವೈದ್ಯ ಹೋವರ್ಡ್ ಇಸ್ರೇಲ್, ವಿಲಿಯಂ ಸೈಡಲ್‌ಮನ್ ಮೊದಲಾದವರ ಒತ್ತಾಯಕ್ಕೆ ಮಣಿದು ವಿಯೆನ್ನಾ ವಿಶ್ವವಿದ್ಯಾಲಯ ತನಿಖೆ ನಡೆಸಿತು. ನಾಜಿ ಕಾಲದಲ್ಲಿ ಮರಣದಂಡನೆಗೆ ಗುರಿಯಾದ ಕನಿಷ್ಠ 1,377 ಜನರ ಶವಗಳು ಅಂಗರಚನಾ ವಿಭಾಗಕ್ಕೆ ಬಂದಿದ್ದವೆಂದು 1998ರಲ್ಲಿ ಒಪ್ಪಿತು. ಸಂಪುಟದ ಮುದ್ರಣ ನಿಂತಿತು. ಅಮೆರಿಕದ ಸೇಂಟ್ ಲೂಯಿಸ್‌ನ ನರ ಶಸ್ತ್ರವೈದ್ಯೆ ಸೂಸನ್ ಮೆಕಿನನ್ ಬಳಿ ಹಳೆಯ ಪ್ರತಿಯಿತ್ತು. ತಾಳಲಾರದ ಕಾಲುನೋವಿನ ರೋಗಿಯೊಬ್ಬರ ಶಸ್ತ್ರಕ್ರಿಯೆಯಲ್ಲಿ ನೋವಿಗೆ ಕಾರಣವಾದ ಸಣ್ಣ ನರ ಕೈಗೆ ಸಿಗದಿದ್ದಾಗ ಅವರು ಆ ಪುಟಗಳನ್ನು ತರಿಸಿ ನೋಡಿದರು; ನರ ಸಿಕ್ಕಿತು. ಬಳಿಕ ಅವರಿಗೆ ಆ ಪುಸ್ತಕ ತೆರೆದದ್ದು ಸರಿಯೇ ಎಂಬ ಪ್ರಶ್ನೆ ಹತ್ತಿತು.

ಪ್ರಶ್ನೆ ಹೋಗಿ ತಲುಪಿದ್ದು ಬಾಸ್ಟನ್ನಿನ ಯಹೂದಿ ಗುರು ಜೋಸೆಫ್ ಪೋಲಾಕ್ ಅವರಿಗೆ. ಎಳೆಯ ಮಗುವಾಗಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿದ್ದು ಬದುಕಿ ಬಂದವರು ಅವರು. ಮನೋವೈದ್ಯ ಮೈಕಲ್ ಗ್ರೋಡಿನ್ ಜೊತೆ ಸಮಾಲೋಚಿಸಿ 2017ರಲ್ಲಿ ಅವರು ಉತ್ತರ ಬರೆದರು. ಯಹೂದಿ ಧರ್ಮದಲ್ಲಿ ಪ್ರಾಣ ಉಳಿಸುವುದಕ್ಕಿಂತ ಹಿರಿದಾದ ಕಟ್ಟಳೆ ವಿರಳ, ಆದ್ದರಿಂದ ಬಳಸಬಹುದು. ಆದರೆ ಈ ಚಿತ್ರಗಳು ಯಾವುವು, ಯಾರ ದೇಹದಿಂದ ಬಂದವು ಎಂಬುದನ್ನು ತಿಳಿಸಿಯೇ ಬಳಸಬೇಕು, ಸತ್ತವರಿಗೆ ಸಲ್ಲಬೇಕಾದ ಗೌರವದ ಒಂದು ಪಾಲಾದರೂ ಹಾಗೆ ಸಲ್ಲಬೇಕು ಎಂಬ ಷರತ್ತು ಹಾಕಿದರು. ವಿಯೆನ್ನಾ ಶಿಷ್ಟಾಚಾರ ಎಂದು ವೈದ್ಯರು ಕರೆಯುವ ಆ ಉತ್ತರ ನಾಜಿ ಕಾಲದ ಶವಗಳು, ಅಂಗಾಂಶಗಳು ಎಲ್ಲಾದರೂ ಸಿಕ್ಕಾಗ ಏನು ಮಾಡಬೇಕೆಂಬುದನ್ನೂ ಹೇಳುತ್ತದೆ. ಅವಕ್ಕೆ ಹೂಳುವ ಮರ್ಯಾದೆ ಸಲ್ಲಬೇಕು. ಯಾರದೆಂದು ಪತ್ತೆಹಚ್ಚುವ ಕೆಲಸ ನಿಲ್ಲಬಾರದು. ಮ್ಯೂನಿಕ್‌ನ ಸ್ಮಶಾನದಲ್ಲಿ 1990ರಲ್ಲಿ ಹೆಸರಿಲ್ಲದೆ ಹೂತ, ನಾಜಿ ಕಾಲದಲ್ಲಿ ಸತ್ತವರ ಮಿದುಳಿನ ಮಾದರಿಗಳು ಯಾರ್ಯಾರವೆಂದು ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆ ನೇಮಿಸಿದ ಇತಿಹಾಸಕಾರರು ಆಸ್ಪತ್ರೆಯ ಹಳೆಯ ದಾಖಲೆಗಳೊಂದಿಗೆ ತಾಳೆ ನೋಡತೊಡಗಿದ್ದು ಅದೇ 2017ರಲ್ಲಿ.